ಮಕ್ಕಳನ್ನು ದುಬೈಗೆ ಕರೆದೊಯ್ಯುವ ಶಿಕ್ಷಕರೇ, ವೀಸಾ ಕೈಗೆ ಬಾರದೆ ಶಿವಮೊಗ್ಗದಲ್ಲಿ ಬಸ್ ಹತ್ತಿಸಬೇಡಿ

ಮಲೆನಾಡಿನ ಒಂದು ಶಾಲೆಯ ತಂಡ ರಾತ್ರಿ ಬಸ್ಸಿಗೆ ಹೊರಟು ನಿಂತಾಗ ಇಬ್ಬರು ಮಕ್ಕಳ ವೀಸಾ ಬಂದಿರಲಿಲ್ಲ. "ಬೆಳಗಾಗೋದ್ರೊಳಗೆ ವಾಟ್ಸ್ಆ್ಯಪ್‌ಗೆ ಬರುತ್ತೆ ಸರ್, ನೀವು ಹೊರಡಿ" ಎಂದರು ಟ್ರಾವೆಲ್ಸ್‌ನವರು. ದೇವನಹಳ್ಳಿಯ ಎರಡನೇ ಟರ್ಮಿನಲ್‌ನಲ್ಲಿ ಚೆಕ್-ಇನ್ ಕೌಂಟರ್ ಮುಚ್ಚುವವರೆಗೂ ಬರಲಿಲ್ಲ, ಆಮೇಲೆ ಅವರು ಫೋನೂ ಎತ್ತಲಿಲ್ಲ. ಅಳುತ್ತಿದ್ದ ಆ ಎರಡು ಮಕ್ಕಳನ್ನು ಕರೆದುಕೊಂಡು ಒಬ್ಬ ಟೀಚರ್ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ವಾಪಸ್ ಬಂದರು. ತಂಡದಲ್ಲಿದ್ದ ಶಿಕ್ಷಕಿ ಅವರೊಬ್ಬರೇ. ದುಬೈಯಲ್ಲಿ ಹೆಣ್ಣುಮಕ್ಕಳ ಕೋಣೆಗಳನ್ನು ನೋಡಿಕೊಳ್ಳುವವರೇ ಇಲ್ಲದಂತಾಯಿತು. ಇಬ್ಬರು ಮಕ್ಕಳ ದುಡ್ಡೂ ಹೋಯಿತು.

ವೀಸಾ ಬಾರದ್ದಕ್ಕೆ ಕಾರಣ ತಡವಲ್ಲ, ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಸರ್‌ನೇಮ್ ಅಂಕಣ ಖಾಲಿ ಇದ್ದರೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂಬ ನಿಯಮವನ್ನು ದುಬೈ ಇರುವ ದೇಶವಾದ ಯುಎಇ 2022ರ ನವೆಂಬರ್‌ನಲ್ಲಿ ತಂದಿತು. ನಮ್ಮ ಕಡೆ ಮಕ್ಕಳ ಹೆಸರು ಇರುವುದೇ ಹಾಗೆ. ಜನನ ಪ್ರಮಾಣಪತ್ರದಲ್ಲಿ ಬರೀ 'ಸ್ಫೂರ್ತಿ', ಶಾಲೆಯ ದಾಖಲೆಯಲ್ಲಿ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಹಾಗಾಗಿ ಅದನ್ನು ಕೈಬಿಟ್ಟು ಒಂದೇ ಹೆಸರು ತುಂಬಿಬಿಡುತ್ತಾರೆ. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಕೆಲವೊಮ್ಮೆ ಒಪ್ಪಿದ್ದಾರೆ, ಆದರೆ ನಲವತ್ತು ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಅದನ್ನು ನಂಬಿ ಕೂರಬಾರದು. ಇದೆಲ್ಲ ಏಜೆನ್ಸಿಯವರಿಗೆ ಗೊತ್ತಿರುತ್ತದೆ. ಮೊದಲೇ ಹೇಳಿದರೆ ಬುಕಿಂಗ್ ತಪ್ಪುತ್ತದೆಂದು ಬಾಯಿ ಬಿಡುವುದಿಲ್ಲ.

ಆದ್ದರಿಂದ ಹಣ ಕಟ್ಟಿಸುವ ಮುಂಚೆ ಪ್ರತಿ ಮಗುವಿನ ಪಾಸ್‌ಪೋರ್ಟ್ ತರಿಸಿ, ನೀವೇ ಕೂತು ನೋಡಿ. ಸರ್‌ನೇಮ್ ಅಂಕಣ ತುಂಬಿದೆಯೇ? ವಾಪಸ್ ಬರುವ ದಿನದಿಂದಾಚೆಗೂ ಆರು ತಿಂಗಳ ಅವಧಿ ಉಳಿದಿದೆಯೇ? ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷದ್ದು. ಐದನೇ ತರಗತಿಯಲ್ಲಿ ಮಾಡಿಸಿದ್ದು ಒಂಬತ್ತು, ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಹೆಸರು ಸರಿಪಡಿಸಬೇಕಿದ್ದರೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಮಾಡಿ ಮರುವಿತರಣೆಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಆಧಾರ್‌ನಲ್ಲೂ ಅದೇ ಹೆಸರು, ಅದೇ ಸ್ಪೆಲಿಂಗ್ ಇರಬೇಕು. ಮಗುವಿನ ಪಾಸ್‌ಪೋರ್ಟ್ ಅರ್ಜಿಯ ಜೊತೆ ತಂದೆ-ತಾಯಿ ಇಬ್ಬರೂ ಸಹಿ ಹಾಕಿ ಕೊಡುವ ಘೋಷಣಾ ಪತ್ರ ಅನೆಕ್ಷರ್ ಡಿ. ಒಬ್ಬರ ಸಹಿ ಸಿಗದ ಮನೆಗಳಿರುತ್ತವೆ, ಅವರಿಗೆ ಅನೆಕ್ಷರ್ ಸಿ. ಆ ಮಗುವನ್ನು ತರಗತಿಯ ಎದುರು ನಿಲ್ಲಿಸಿ ಇದನ್ನು ಕೇಳಬೇಡಿ, ಪೋಷಕರನ್ನು ಕರೆಸಿ ಮಾತಾಡಿ. ಇಷ್ಟಕ್ಕೆಲ್ಲ ಮೂರು ತಿಂಗಳು ಕೈಯಲ್ಲಿರಲಿ.

ಹಣದ ವಿಷಯ. ಟಿಕೆಟ್ ಎಂದು ತೋರಿಸುವ ಕಾಗದ ಬಹಳ ಸಲ ಬರೀ ಹೋಲ್ಡ್ ಮಾಡಿಟ್ಟ ಬುಕಿಂಗ್ ಆಗಿರುತ್ತದೆ, ಗಡುವಿನೊಳಗೆ ಏಜೆನ್ಸಿ ಹಣ ಕಟ್ಟದಿದ್ದರೆ ತಾನಾಗೇ ರದ್ದಾಗುತ್ತದೆ. ಆರು ಅಕ್ಷರದ ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲೇ ಹಾಕಿ, ಪ್ರತಿ ಮಗುವಿನ ಹೆಸರೂ ಖಚಿತವಾಗಿದೆಯೇ ನೋಡಿ. ಕೊನೆಯ ಕಂತನ್ನು ಎಲ್ಲರ ವೀಸಾ ಬಂದ ಮೇಲೆಯೇ ಕೊಡುವುದು ಎಂದು ಒಪ್ಪಂದದಲ್ಲಿ ಬರೆಸಿ. ವೀಸಾ ಸಿಗದ ಮಗುವಿಗೆ ಎಷ್ಟು ವಾಪಸ್ ಎಂಬುದನ್ನೂ ಬರೆಸಿ. ಹಣ ಟ್ರಾವೆಲ್ಸ್ ಸಂಸ್ಥೆಯ ಖಾತೆಗೇ ಹೋಗಬೇಕು, ಯಾರದೋ ಸ್ವಂತ ನಂಬರಿನ ಫೋನ್‌ಪೇಗೆ ಬೇಡ. ವಿದೇಶ ಪ್ಯಾಕೇಜ್ ಮೇಲೆ ಏಜೆನ್ಸಿ ಮುಂಚಿತವಾಗಿ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಸಿಎಸ್, ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಲೆಕ್ಕಕ್ಕೆ ಜಮೆಯಾಗುತ್ತದೆ. ಶಾಲೆಯೇ ಒಟ್ಟಿಗೆ ಕಟ್ಟಿದರೆ ಪೋಷಕರಿಗೆ ಆ ಹಣ ತೆರಿಗೆಯಲ್ಲಿ ಸಿಗುವುದಿಲ್ಲ. ಅಡಿಕೆ ಮಾರಿದ ದುಡ್ಡನ್ನು ಮಗುವಿನ ಪ್ರವಾಸಕ್ಕೆ ಎತ್ತಿಟ್ಟವರಿಗೆ ಇದು ಸಣ್ಣ ಮೊತ್ತವಲ್ಲ.

ಇನ್ನು ಬ್ಯಾಗು. ಇದರಲ್ಲಿ ತಪ್ಪಾದರೆ ಮಗು ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತದೆ, ಹಾಗಾಗಿ ಪೋಷಕರ ಸಭೆಯಲ್ಲಿ ಎರಡು ಸಲ ಹೇಳಿ. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕ. ಪೊಟ್ಟಣ ಕಟ್ಟಿ ಕೊಡುವುದಷ್ಟೇ ಅಲ್ಲ, ಗಸಗಸೆ ಹಾಕಿದ ಮಸಾಲೆ ಪುಡಿ, ಸಿಹಿತಿಂಡಿ ಕೂಡ ಬೇಡ. ವೀಳ್ಯದೆಲೆ, ಪಾನ್ ದುಬೈ ಕಸ್ಟಮ್ಸ್‌ನ ನಿಷೇಧ ಪಟ್ಟಿಯಲ್ಲಿವೆ, ಜೊತೆಗೆ ಬರುವ ದೊಡ್ಡವರು ಎಲೆಸಂಚಿ ಮನೆಯಲ್ಲೇ ಬಿಡಲಿ. ಕೋಡೀನ್ ಇರುವ ಕೆಮ್ಮಿನ ಸಿರಪ್ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಉಳಿದ ಮಾತ್ರೆಗಳೂ ಅಂಗಡಿಯ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯೊಂದಿಗೇ ಇರಲಿ. ಇಡೀ ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿಯ ಭಯಕ್ಕೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಉಳಿಯುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್‌ನೊಳಗಿನದು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ನಡೆಯುತ್ತದೆ. ಚಕ್ಕುಲಿ, ಕೋಡುಬಳೆಗೆ ತೊಂದರೆಯಿಲ್ಲ.

ಅಲ್ಲಿ ಇಳಿದ ಮೇಲೆ ಮಕ್ಕಳು ತಪ್ಪಿಹೋಗುವುದು ಹೆಚ್ಚಾಗಿ ಮೆಟ್ರೋದಲ್ಲಿ. ಬಾಗಿಲು ತಾನಾಗೇ ಮುಚ್ಚುತ್ತದೆ, ಅರ್ಧ ತಂಡ ಒಳಗೆ, ಅರ್ಧ ಹೊರಗೆ. ಊರಲ್ಲೇ ಅಭ್ಯಾಸ ಮಾಡಿಸಿ: ಹೊರಗುಳಿದವರು ನಿಂತಲ್ಲೇ ನಿಲ್ಲಬೇಕು, ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು, ಅಲ್ಲಿಂದ ಒಬ್ಬ ಶಿಕ್ಷಕರು ಮಾತ್ರ ಹಿಂದಿರುಗಬೇಕು. ಹತ್ತು ಮಕ್ಕಳಿಗೊಬ್ಬರು, ಅದರ ಮೇಲೆ ಒಬ್ಬರು ಹೆಚ್ಚುವರಿ, ಹೆಣ್ಣುಮಕ್ಕಳಿದ್ದರೆ ಕನಿಷ್ಠ ಇಬ್ಬರು ಶಿಕ್ಷಕಿಯರು. ಇದರಲ್ಲಿ ಆಡಳಿತ ಮಂಡಳಿ ಚೌಕಾಸಿ ಮಾಡಿದರೆ ಒಪ್ಪಬೇಡಿ. ಮೆಟ್ರೋದಲ್ಲಿ ತಿಂದರೆ, ಕುಡಿದರೆ ದಂಡ 100 ದಿರ್ಹಮ್.

ಪಾಸ್‌ಪೋರ್ಟ್‌ಗಳನ್ನೆಲ್ಲ ಒಂದೇ ಚೀಲದಲ್ಲಿ ಏಜೆಂಟ್ ಕೈಗೆ ಕೊಡಬೇಡಿ, ಹತ್ತತ್ತರಂತೆ ಶಿಕ್ಷಕರೇ ಹಂಚಿಕೊಳ್ಳಿ. ಕಳೆದರೆ ಮೊದಲು ಪೊಲೀಸ್ ದೂರು, ಅದನ್ನು ಹಿಡಿದು ದುಬೈಯ ಭಾರತೀಯ ಕಾನ್ಸುಲೇಟ್‌ಗೆ. ಅಲ್ಲಿ ಊರಿಗೆ ಮರಳಲು ಮಾತ್ರ ಆಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟ್ ಮತ್ತು ವೀಸಾದ ನೆರಳಚ್ಚು, ಎರಡು ಫೋಟೋ ಬೇರೆ ಚೀಲದಲ್ಲಿದ್ದರೆ ಆ ಕೆಲಸ ಬೇಗ ಆಗುತ್ತದೆ. ಪೊಲೀಸ್ 999, ಆಂಬುಲೆನ್ಸ್ 998: ಈ ಎರಡನ್ನೂ ಹೋಟೆಲ್ ವಿಳಾಸದ ಜೊತೆ ಬರೆದು ಪ್ರತಿ ಮಗುವಿನ ಕೊರಳ ಕಾರ್ಡಿನ ಹಿಂಬದಿಗೆ ಅಂಟಿಸಿ.