ಮಾಟುಂಗದ ಭಾನುವಾರದ ಇಂಗ್ಲಿಷ್ ತರಗತಿ: ‘ಸಿಕ್’ ಪಾಠಕ್ಕೆ ಪೂರ್ಣ ಅಂಕ, ಪುಸ್ತಕಕ್ಕೆ ಅರ್ಧ

ಮುಂಬಯಿಯ ಮಾಟುಂಗದಲ್ಲಿ ಕನ್ನಡದಲ್ಲಿಯೇ ವಿವರಿಸಿ ಇಂಗ್ಲಿಷ್ ಕಲಿಸುವ ಭಾನುವಾರದ ತರಗತಿಯೊಂದಿದೆ. ಹೊಟೇಲಿನ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರೂ ವಿದೇಶಿ ಗಿರಾಕಿಗಳಿಗೆ ದಿನವಿಡೀ ಇಮೇಲ್ ಬರೆಯುವ ಹುಡುಗರೂ ಒಂದೇ ಬೆಂಚಿನಲ್ಲಿ ಕೂರುವ ಈ ತರಗತಿಯ ಗುಣವನ್ನು ಅಳೆಯಲು, ಅನಾರೋಗ್ಯವನ್ನು ಕುರಿತ ಪಾಠವೊಂದೇ ಸಾಕು.

‘ಸಿಕ್’ ಎಂದರೆ ಕಾಯಿಲೆ ಎಂದು ಬರೆಸಿ ಮುಂದಿನ ಪದಕ್ಕೆ ಹೋಗುವ ಪದ್ಧತಿ ಇಲ್ಲಿಲ್ಲ. ‘ಐ ವಾಸ್ ಸಿಕ್ ಲಾಸ್ಟ್ ನೈಟ್’ ಎಂದು ಅಮೆರಿಕದವರು ಹೇಳಿದರೆ ಮೈ ಹುಷಾರಿರಲಿಲ್ಲ ಎಂದು ಅರ್ಥಮಾಡಿಕೊಳ್ಳಬಹುದು. ಅದೇ ವಾಕ್ಯವನ್ನು ಇಂಗ್ಲೆಂಡಿನವರು ಕೇಳಿದರೆ ರಾತ್ರಿ ವಾಂತಿಯಾಯಿತೆಂದು ತಿಳಿಯುವ ಸಂಭವವೇ ಹೆಚ್ಚು. ಸಾಮಾನ್ಯ ಅಸ್ವಸ್ಥತೆಗೆ ಅವರು ‘ಇಲ್’ ಎನ್ನುತ್ತಾರೆ. ಆದರೆ ‘ಇಲ್’ ನಾಮಪದಕ್ಕೆ ಮೊದಲು ಬರುವುದು ವಿರಳವಾದ್ದರಿಂದ ‘ದ ಚೈಲ್ಡ್ ಈಸ್ ಇಲ್’ ಎನ್ನಬಹುದೇ ಹೊರತು ‘ಇಲ್ ಚೈಲ್ಡ್’ ಎನ್ನುವುದು ಸಲ್ಲದು. ಅಲ್ಲಿ ‘ಸಿಕ್ ಚೈಲ್ಡ್’ ಎಂದೇ ಆಗಬೇಕು. ರಜೆಯಂತೂ ಎರಡೂ ಕಡೆ ‘ಸಿಕ್ ಲೀವ್’. ಈ ವ್ಯತ್ಯಾಸಗಳನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಾಗಿ ಬರೆದು, ಯಾವ ದೇಶದ ಗಿರಾಕಿಗೆ ಯಾವುದನ್ನು ಬರೆಯಬೇಕೆಂದು ವಿದ್ಯಾರ್ಥಿಗಳಿಂದಲೇ ಹೇಳಿಸುತ್ತಾರೆ.

ಬೇಸತ್ತೆ ಎನ್ನಲು ಬಳಸುವ ‘ಸಿಕ್ ಆಫ್’ ಬೇಗನೆ ಮುಗಿಯುತ್ತದೆ. ಲೋಕಲ್ ರೈಲಿನಲ್ಲಿ ನಿತ್ಯ ನೇತಾಡಿ ಬರುವವರಿಗೆ ಉದಾಹರಣೆ ಹುಡುಕಿಕೊಡಬೇಕಾಗಿಲ್ಲ. ಈ ಊರಿಗೆ ಸೇರಿದ ಇನ್ನೊಂದು ಪ್ರಯೋಗಕ್ಕೆ ಶಿಕ್ಷಕರು ಹೆಚ್ಚು ಸಮಯ ಕೊಟ್ಟದ್ದು ನನಗೆ ಮೆಚ್ಚುಗೆಯಾಯಿತು. ನಷ್ಟದಲ್ಲಿ ಸೊರಗಿದ ಬಟ್ಟೆ ಗಿರಣಿಗಳನ್ನು ರಾಷ್ಟ್ರೀಕರಣಗೊಳಿಸಿದ 1974ರ ಕಾನೂನಿನ ಹೆಸರಿನಲ್ಲಿಯೂ, ರೋಗಗ್ರಸ್ತ ಕೈಗಾರಿಕಾ ಕಂಪನಿಗಳಿಗಾಗಿ ಬಂದ 1985ರ ಕಾನೂನಿನ ಹೆಸರಿನಲ್ಲಿಯೂ ‘ಸಿಕ್’ ಇದೆ. ಮುಂಬಯಿಯ ಗಿರಣಿ ಪ್ರದೇಶಗಳಾದ ಪರೇಲ್, ಲಾಲ್‌ಬಾಗ್‌ಗಳ ಹಳಬರು ‘ಸಿಕ್ ಮಿಲ್’ ಎಂಬುದನ್ನು ಇಂಗ್ಲಿಷ್ ಕಲಿಯದೆಯೇ ಬಲ್ಲರು.

ಜೆರಾಕ್ಸ್ ಮಾಡಿ ಕೊಡುವ ಪುಸ್ತಕ ಮಾತ್ರ ಈ ಮಟ್ಟದ್ದಲ್ಲ. ಅದರಲ್ಲಿ ‘ಇಲ್’ ಎಂಬುದಕ್ಕೆ ‘ರೋಗಿಷ್ಠ’ ಎಂಬ ಒಂದೇ ಅರ್ಥವಿದ್ದು, ಅದನ್ನು ನಂಬಿದವರು ಎರಡು ದಿನದ ನೆಗಡಿಯವನನ್ನೂ ಕಾಯಂ ರೋಗಿಯಾಗಿಸಿಬಿಡುತ್ತಾರೆ. ಯುವಕರು ‘ಭರ್ಜರಿ’ ಎಂಬರ್ಥದಲ್ಲಿ ‘ಸಿಕ್’ ಎನ್ನುವುದರ ಸುಳಿವೇ ಇಲ್ಲ.

ಇನ್ನು ಉಚ್ಚಾರಣೆ. ನಮ್ಮ ಕರಾವಳಿಯವರು ವ್ಯಂಜನದಿಂದ ಮುಗಿಯುವ ಪದಗಳಿಗೆ ಉಕಾರವನ್ನು ಅಂಟಿಸಿ ‘ಸಿಕ್ಕು’, ‘ಇಲ್ಲು’ ಎನ್ನುವುದನ್ನು ತಿದ್ದಲು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುವ ಅವಕಾಶ ಬೇಕು. ತುಂಬಿದ ಕೋಣೆಯಲ್ಲಿ ಅದು ಮುಂದಿನ ಬೆಂಚಿನವರಿಗಷ್ಟೇ ಸಿಗುತ್ತದೆ. ಆದ್ದರಿಂದ ಬರವಣಿಗೆ ಸುಧಾರಿಸಬೇಕೆನ್ನುವವರು ಧಾರಾಳವಾಗಿ ಸೇರಬಹುದು. ಫೋನಿನಲ್ಲಿ ಮಾತನಾಡುವ ಕೆಲಸದವರು ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡಿ, ಆಮೇಲೆ ಹಣ ಕಟ್ಟುವುದು ಒಳ್ಳೆಯದು.