ಆಟಿಸಂ ಇರುವ ಮಕ್ಕಳ ಮನೆಯವರಿಗೆ ಹುಬ್ಬಳ್ಳಿ-ಧಾರವಾಡ: ಯಾವ ಸೇವೆ ಚಲೋ, ಎಲ್ಲಿ ಎಚ್ಚರ

ಅವಳಿ ನಗರದಲ್ಲಿ ಥೆರಪಿ ಸೆಂಟರಿನ ಬೋರ್ಡು ಹುಡುಕಿಕೊಂಡು ಹೋಗುವ ಕಾಲ ಮುಗಿದಿದೆ. ಈಗಿನ ಕಷ್ಟ ಆರಿಸುವುದು. ಸೇವೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಅಳೆಯಲು ಒಂದೇ ಪ್ರಶ್ನೆ ಸಾಕು: ಅಪ್ಪ-ಅವ್ವನನ್ನು ಒಳಗೆ ಕರೆದು ಕಲಿಸುತ್ತಾರೋ, ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಾರೋ? ವಾರಕ್ಕೆ ಎರಡು ಸಲ 45 ನಿಮಿಷ ಅಂದರೆ ಒಟ್ಟು ಒಂದೂವರೆ ತಾಸು. ಮಗು ಎಚ್ಚರಿರುವ ಉಳಿದ ಹೊತ್ತೆಲ್ಲ ಕಳೆಯುವುದು ಮನೆಯಲ್ಲಿ, ಓಣಿಯಲ್ಲಿ, ಅಂಗನವಾಡಿಯಲ್ಲಿ. ಆ ಹೊತ್ತಿಗೆ ಬೇಕಾದದ್ದನ್ನು ಕಲಿಸದ ಸೆಂಟರಿಗೆ ಎಷ್ಟೇ ಬಣ್ಣ ಬಳಿದಿದ್ದರೂ ಕೊಟ್ಟ ಫೀ ದಂಡ.

ಮೊದಲು ಮೌಲ್ಯಮಾಪನ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಹಾಗೂ ಗದಗ, ಹಾವೇರಿಯವರಿಗೆ ಅಲ್ಲಿನ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ, ಇವೇ ಹೆಚ್ಚಿನವರು ಮೊದಲು ಹೋಗುವ ಜಾಗ. ಅಂಗನವಾಡಿ ಮತ್ತು ಶಾಲೆಗಳಿಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ತಂಡ, ಅನುಮಾನ ಬಂದರೆ ಮಗುವನ್ನು ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ತೊಂದರೆಗೆ ಬೇಗನೇ ನೆರವು ಕೊಡುವ ಕೇಂದ್ರಕ್ಕೆ, ಬರೆದುಕೊಡುತ್ತದೆ. ಆ ಚೀಟಿಯನ್ನು ಕಪಾಟಿನಲ್ಲಿ ಇಟ್ಟುಬಿಡುವವರೇ ಹೆಚ್ಚು. "ಇವರಪ್ಪನೂ ತಡಾನ ಮಾತಾಡಿದ್ದ, ಬಿಡ್ರಿ" ಎಂಬ ಮಾತು ಈ ಭಾಗದಲ್ಲಿ ಎಷ್ಟು ಮಕ್ಕಳ ಎರಡು-ಮೂರು ವರ್ಷ ನುಂಗಿದೆಯೋ ಲೆಕ್ಕವಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಅದು ರೋಗನಿರ್ಣಯ ಮಾಡುವುದಿಲ್ಲ, ಮುಂದೆ ತೋರಿಸಬೇಕೋ ಬೇಡವೋ ಎಂದಷ್ಟೇ ಹೇಳುತ್ತದೆ.

ಹೆಸರು ಕರೆದರೆ ತಿರುಗದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಬರೆಯುತ್ತಾರೆ. ಬೇರಾ ಎನ್ನುವ ಆ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ನವಲಗುಂದ, ಶಿಗ್ಗಾವಿ ಕಡೆಯಿಂದ ಬರುವವರು ಎಡವುವುದು ಇಲ್ಲಿಯೇ: ಬಸ್ಸಿನಲ್ಲಿ ಮಗು ಹಾಯಾಗಿ ಮಲಗಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಣ್ಣರಳಿಸಿ ಕೂರುತ್ತದೆ, ತಾರೀಖು ಮುಂದೆ ಹೋಗುತ್ತದೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯುದ್ದಕ್ಕೂ ಎಚ್ಚರ ಇಡಿ. ಊಟ ಯಾವಾಗ ಕೊಡಬೇಕೆಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಮಲಗಲು ಔಷಧ ಕೊಡುವುದಿದ್ದರೆ ಅದರ ನಿಯಮ ಬೇರೆ.

ವಿಕಲಚೇತನ ಪ್ರಮಾಣಪತ್ರಕ್ಕೆ ಆಟಿಸಂ ಎಷ್ಟಿದೆ ಎಂದು ಅಳೆಯಲು ಬಳಸುವ ಪಟ್ಟಿ ಐಸಾ. 40 ಅಂಶ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ರಿಂದ 106 ಬಂದರೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಬಹಳಷ್ಟು ಅಂಕ ನಿಲ್ಲುವುದು ಮನೆಯವರು ಕೊಡುವ ಉತ್ತರದ ಮೇಲೆ. ಅಲ್ಲಿ ನಾಚಿಕೊಂಡು "ಹಂಗೇನಿಲ್ರೀ, ಒಮ್ಮೊಮ್ಮೆ ಮಾಡ್ತಾನ" ಎಂದು ಮುಚ್ಚಿಟ್ಟರೆ ಅಂಕ ಇಳಿದು, ಮುಂದೆ ಸೌಲಭ್ಯ ಕೇಳಲು ಹೋದಾಗ ಕಾಗದ ಸಾಲುವುದಿಲ್ಲ. ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಅಜ್ಜಿಯನ್ನೇ ಕರೆತನ್ನಿ. ಫೋನಿನಲ್ಲಿ ಒಂದೊಂದು ನಿಮಿಷದ ನಾಲ್ಕು ವಿಡಿಯೊ ಇರಲಿ: ಊಟದ ಹೊತ್ತು, ಒಬ್ಬನೇ ಆಡುವುದು, ಹೆಸರು ಕರೆದಾಗ ಏನು ಮಾಡುತ್ತದೆ, ಹಟ ಏರಿದಾಗ ಏನಾಗುತ್ತದೆ. ಹೊಸ ಕೋಣೆಯಲ್ಲಿ ಹತ್ತು ನಿಮಿಷ ನೋಡಿದ ವೈದ್ಯರಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಈಗ ಖಾಸಗಿ ಥೆರಪಿ ಸೆಂಟರ್. ಒಳಗೆ ಹೋದವರ ಕಣ್ಣು ನೇರ ಬಣ್ಣದ ಚೆಂಡಿನ ತೊಟ್ಟಿ, ಜೋಲಿ, ಟ್ರ್ಯಾಂಪೊಲಿನ್ ಕಡೆ ಓಡುತ್ತದೆ. ನೋಡಬೇಕಾದದ್ದು ಜೋಲಿಯ ಮೇಲಿನ ಕೊಕ್ಕೆ: ಅದು ಸ್ಲ್ಯಾಬಿಗೋ ಬೀಮಿಗೋ ಬೋಲ್ಟ್ ಆಗಿರಬೇಕು. ಫಾಲ್ಸ್ ಸೀಲಿಂಗಿನಿಂದ ಇಳಿದಿದ್ದರೆ ಅದು ಎಲ್ಲಿ ಕಚ್ಚಿಕೊಂಡಿದೆ ಎಂದು ಕೇಳಿ. ಕೆಳಗೆ ಮ್ಯಾಟು ಜೋಲಿ ಎರಡೂ ಕಡೆ ಹೋಗುವಷ್ಟು ಹರಡಿರಬೇಕು. ಆಮೇಲೆ ಜನ. ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್, ಇವರಿಗೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ತೋರಿಸಬೇಕು. ದಿನದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಆ ಪಟ್ಟಿಯಲ್ಲಿ ಬರುವುದಿಲ್ಲ, ಅವರ ಪದವಿ ನೋಡಬೇಕು. ಬೋರ್ಡಿನ ಮೇಲೆ ಹಿರಿಯರ ಹೆಸರು, ಕೋಣೆಯಲ್ಲಿ ನಿನ್ನೆ ಸೇರಿದ ಹುಡುಗಿ: ಇದು ಎಲ್ಲ ಕಡೆ ನಡೆಯುವ ಆಟ. ಮಗುವಿನ ಜೊತೆ ನಿಜವಾಗಿ ಕೂರುವವರು ಯಾರು ಎಂದು ಹೆಸರು ಹಿಡಿದು ಕೇಳಿ.

ಗುರಿಗಳನ್ನು ಬರೆದುಕೊಡಲು ಹೇಳಿ. "ಮಾತು ಸುಧಾರಿಸುವುದು" ಎಂದು ಬರೆದರೆ ಅದು ಗುರಿಯಲ್ಲ, ಹಾರೈಕೆ. "ನೀರು ಬೇಕಾದಾಗ ನೀರಿನ ಚಿತ್ರದ ಕಾರ್ಡನ್ನು ತಾನಾಗಿ ತಂದು ಕೈಗೆ ಕೊಡಬೇಕು, 10 ಸಲದಲ್ಲಿ 7 ಸಲ" ಎಂದಿದ್ದರೆ ತಿಂಗಳ ಕೊನೆಗೆ ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಚಲೋ ಸೆಂಟರಿನಲ್ಲಿ ಕೊನೆಯ ಹತ್ತು ನಿಮಿಷ ಮನೆಯವರದು. ಥೆರಪಿಸ್ಟ್ ಮಾಡಿ ತೋರಿಸುತ್ತಾರೆ, ಆಮೇಲೆ ಅವ್ವ ಮಾಡುತ್ತಾಳೆ, ಅವರು ನೋಡಿ ತಿದ್ದುತ್ತಾರೆ. ಬರೀ "ಇವತ್ತು ಚೆನ್ನಾಗಿ ಕೂತ" ಎಂದು ಬಾಗಿಲಲ್ಲಿ ಹೇಳಿ ಕಳಿಸುವುದು ತರಬೇತಿಯಲ್ಲ. ಕಾರ್ಡು ಮುಂದೆ ಹಿಡಿದರೆ ಮಾತೇ ಬರುವುದಿಲ್ಲ ಎಂದು ಹೆದರುವವರಿದ್ದಾರೆ. ಕಾರ್ಡು ಮಾತಿಗೆ ಅಡ್ಡ ಬರುವುದಿಲ್ಲ, ಬೇಕಾದದ್ದನ್ನು ಕೇಳುವ ದಾರಿ ಸಿಕ್ಕರೆ ಕಿರುಚಾಟವೂ ಇಳಿಯುತ್ತದೆ.

ಭಾಷೆಯ ವಿಷಯದಲ್ಲಿ ಜಗಳಾಡಬೇಕಾದ ಒಂದು ಮಾತಿದೆ. "ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ, ಮಗುವಿಗೆ ಗೊಂದಲ ಆಗುತ್ತೆ" ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಹೆಚ್ಚುವುದೂ ಇಲ್ಲ, ಮಾತು ಹಿಂದೆ ಬೀಳುವುದೂ ಇಲ್ಲ. ಕನ್ನಡ, ಉರ್ದು, ಮರಾಠಿ ಕಲೆಸಿ ಮಾತಾಡುವ ಹುಬ್ಬಳ್ಳಿಯ ಮನೆಗಳಲ್ಲಿ ಅವ್ವ ತನಗೆ ಬಾರದ ಇಂಗ್ಲಿಷಿಗೆ ಬಿದ್ದರೆ ಮಾತೇ ಕಡಿಮೆಯಾಗುತ್ತದೆ. ಮನೆಯಲ್ಲಿ "ನೀರ್ ಬೇಕೇನ?" ಎಂದು ಕೇಳುವುದಿದ್ದರೆ ಸೆಂಟರಿನಲ್ಲೂ ಅದನ್ನೇ ಕಲಿಸಲು ಹೇಳಿ. ಪುಸ್ತಕದ "ನಿನಗೆ ನೀರು ಬೇಕೆ" ಎಂಬುದು ಮಗುವಿಗೆ ಬೇರೆಯೇ ಪಾಠವಾಗಿಬಿಡುತ್ತದೆ.

"ಆರು ತಿಂಗಳಲ್ಲಿ ಪೂರ್ತಿ ಗುಣ" ಎಂದವರ ಕಡೆ ಮತ್ತೆ ತಲೆ ಹಾಕಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಶನ್ ಅಪಾಯದ್ದು.

ಕಾಗದಪತ್ರ ಬೇಸರದ ಕೆಲಸ, ಆದರೂ ಮೊದಲೇ ಮುಗಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ. ಅದು ಕೆಡುವುದು ಸಾಮಾನ್ಯವಾಗಿ ಆಧಾರಿನಲ್ಲಿ ಒಂದು, ಜನನ ಪತ್ರದಲ್ಲಿ ಇನ್ನೊಂದು ಹೆಸರಿದ್ದಾಗ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಬಿಟ್ಟಿರುವುದು ನಮ್ಮ ಕಡೆ ಮಾಮೂಲು. ಮೊದಲು ಆಧಾರ್ ತಿದ್ದಿಸಿ. ಹಳ್ಳಿಯವರಿಗೆ ವಿಕಲಚೇತನರ ಕೆಲಸಕ್ಕೆಂದೇ ಇರುವ ಪುನರ್ವಸತಿ ಕಾರ್ಯಕರ್ತರಿದ್ದಾರೆ: ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ. ಅರ್ಜಿ ತುಂಬಿಸುವುದು, ಶಿಬಿರದ ತಾರೀಖು ತಿಳಿಸುವುದು ಅವರ ಕೆಲಸವೇ, ಉಪಕಾರವಲ್ಲ. ಚಿಕ್ಕ ಮಕ್ಕಳಿಗೆ ಸಿಗುವುದು ಅವಧಿ ನಮೂದಿಸಿದ ಪತ್ರ. ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ನವೀಕರಣ ಮರೆತು ಬಿಲ್ಲು ಹಿಡಿದು ಹೋಗುವುದು ಅಲ್ಲಿನ ದೊಡ್ಡ ತಪ್ಪು. ಥೆರಪಿ ರಸೀದಿಯಲ್ಲಿ ಥೆರಪಿಸ್ಟ್ ಹೆಸರು, ನೋಂದಣಿ ಸಂಖ್ಯೆ, ತಾರೀಖು ಇರಲೇಬೇಕು. ಬಿಳಿ ಹಾಳೆಯ ಚೀಟಿ ನಡೆಯುವುದಿಲ್ಲ.

ಶಾಲೆಗೆ ಹೋದಾಗ "ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ" ಎಂಬ ಉತ್ತರ ಬಾಯಿಮಾತಿನಲ್ಲಿ ಬರುತ್ತದೆ. ಲಿಖಿತವಾಗಿ ಕೊಡಿ ಎಂದರೆ ದನಿ ಬದಲಾಗುತ್ತದೆ. ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಓ) ಕಚೇರಿಯ ಹತ್ತಿರದ ಬಿಆರ್‌ಸಿ ಎಂಬ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಸೇರಿಸಿಕೊಂಡು ಮುಖ್ಯ ಶಿಕ್ಷಕರ ಜೊತೆ ಕೂರುವುದು ಒಂಟಿಯಾಗಿ ವಾದಿಸುವುದಕ್ಕಿಂತ ಫಲ ಕೊಡುತ್ತದೆ. ದೊಡ್ಡ ಬೇಡಿಕೆ ಇಡುವ ಮೊದಲು ಪುಗಸಟ್ಟೆ ಆಗುವಂಥವನ್ನು ಕೇಳಿ: ಕಿಟಕಿ-ಬಾಗಿಲಿನಿಂದ ದೂರದ ಮೊದಲ ಸಾಲು, ಗಂಟೆ ಬಾರಿಸುವ ಐದು ನಿಮಿಷ ಮೊದಲು ಸೂಚನೆ, ಪ್ರಾರ್ಥನೆಯ ಮೈಕಿನಿಂದ ದೂರ ನಿಲ್ಲಲು ಅನುಮತಿ.

ಹೊರಗೆ ಹೋಗುವ ಜಾಗಗಳಲ್ಲಿ ಅಭ್ಯಾಸಕ್ಕೆ ಮೊದಲ ಆಯ್ಕೆ, ಹೇಳಿದರೆ ನಗಬಹುದು, ಚಿಗರಿ ಬಸ್. ಹುಬ್ಬಳ್ಳಿ-ಧಾರವಾಡ ನಡುವೆ 22 ಕಿ.ಮೀ., ಬಹುಪಾಲು ಅದಕ್ಕೇ ಮೀಸಲಾದ ದಾರಿ, ನಿಲ್ದಾಣದ ಕಟ್ಟೆ ಬಸ್ಸಿನ ನೆಲಕ್ಕೆ ಸಮ, ಬಾಗಿಲು ತಾನೇ ತೆರೆದು ಮುಚ್ಚುತ್ತದೆ, ಎಸಿ ಇರುವುದರಿಂದ ಕಿಟಕಿ ಮುಚ್ಚಿ ಹೊರಗಿನ ಹಾರ್ನು ತಗ್ಗುತ್ತದೆ. ಪ್ರತಿ ಸಲ ಒಂದೇ ಕ್ರಮ, ಈ ಮಕ್ಕಳಿಗೆ ಬೇಕಾದದ್ದೂ ಅದೇ. ಮೊದಲ ಸಲ ವಿದ್ಯಾನಗರದಿಂದ ಉಣಕಲ್ ಕೆರೆವರೆಗೆ ಸಾಕು, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ. ನಾಲ್ಕು ಫೋಟೊ ಮುದ್ರಿಸಿ ಒಂದು ರಟ್ಟಿಗೆ ಅಂಟಿಸಿ: ನಿಲ್ದಾಣ, ಬಸ್ಸು, ಕೆರೆ, ಮನೆ. ಒಂದೊಂದು ಮುಗಿದಂತೆ ಮಗುವೇ ಕಿತ್ತು ಕೊಡಲಿ. ಕೆಡುವುದು ಎಲ್ಲಿ ಎಂದರೆ, ಎಲ್ಲ ಬಸ್ಸೂ ಎಲ್ಲ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಬಸ್ಸು ಕಂಡ ಕೂಡಲೇ ಹತ್ತಬೇಕೆಂದು ತಯಾರಾದ ಮಗುವಿನ ಮುಂದೆ ಎಕ್ಸ್‌ಪ್ರೆಸ್ ಹಾಯ್ದುಹೋದರೆ ಅಲ್ಲೇ ಹಟ ಶುರು. "ಈ ನಂಬರಿನ ಬಸ್ಸು ನಮ್ಮದು" ಎಂದು ನಂಬರಿನ ಚೀಟಿ ಕೈಗೆ ಕೊಟ್ಟರೆ ಕಾಯುವುದೇ ಆಟವಾಗುತ್ತದೆ. ಆಫೀಸು ಬಿಡುವ ಹೊತ್ತಿನ ಗದ್ದಲದಲ್ಲಿ ಮಾತ್ರ ಬೇಡವೇ ಬೇಡ. ವಿಕಲಚೇತನರ ವರ್ಷದ ರಿಯಾಯಿತಿ ಬಸ್ ಪಾಸಿಗೆ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಚಿಗರಿಯಲ್ಲಿ ಅದು ನಡೆಯುತ್ತದೋ ಎಂದು ಮೊದಲೇ ಕೇಳಿಕೊಳ್ಳಿ.

ಉಣಕಲ್ ಕೆರೆ, ಸಾಧನಕೇರಿ, ಕೆಲಗೇರಿ, ಮೂರೂ ಚಂದ, ಮೂರರಲ್ಲೂ ನೀರಿದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರೆಂದರೆ ಸೆಳೆತ, ಕೈ ತಪ್ಪಿಸಿಕೊಂಡು ಓಡುವ ಅಭ್ಯಾಸವೂ ಜೊತೆಗಿರಬಹುದು. ಒಬ್ಬರು ಮಗುವಿನ ಮೇಲೆ ಮಾತ್ರ ಕಣ್ಣಿಡಬೇಕು, ಫೋನು ಇನ್ನೊಬ್ಬರಿಗೆ. ಅಂಗಿಯ ಒಳಮಡಿಕೆಗೆ ಫೋನ್ ನಂಬರು ಬರೆದ ಬಟ್ಟೆ ಪಟ್ಟಿ ಹೊಲಿಯಿರಿ. ಕೊರಳಿಗೆ ಹಾಕಿದ ಕಾರ್ಡನ್ನು ಮಗು ಕಿತ್ತೆಸೆಯುತ್ತದೆ.

ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಪೂರ್ತಿ ಅಂಕ. ಗುಂಡಿ ಒತ್ತಿದರೆ ತಿರುಗುವ, ಬೆಳಗುವ ಮಾದರಿಗಳ ಮುಂದೆ ಮಗು ಒಂದೇ ಕಡೆ ಇಪ್ಪತ್ತು ನಿಮಿಷ ನಿಂತರೂ ನಿಲ್ಲಲಿ, ಎಲ್ಲ ನೋಡಿ ಮುಗಿಸಬೇಕೆಂಬ ಹಟ ದೊಡ್ಡವರದು. ಶಾಲಾ ಪ್ರವಾಸದ ದಿನಗಳಲ್ಲಿ ಮಾತ್ರ ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿ ಜೀವನದ ಆಳೆತ್ತರದ ಶಿಲ್ಪಗಳಿವೆ. ಅಲುಗಾಡದ ಮನುಷ್ಯರನ್ನು ಕಂಡು ಕೆಲವು ಮಕ್ಕಳು ಹೆದರುತ್ತವೆ, ಮೊದಲು ಮನೆಯಲ್ಲಿ ಫೋಟೊ ತೋರಿಸಿ. ಗದಗಿನವರಿಗೆ ಬಿಂಕದಕಟ್ಟಿ ಮೃಗಾಲಯ ಹದವಾದದ್ದು: ಚಿಕ್ಕದು, ಸಾಕಾದಾಗ ಬೇಗ ಹೊರಬರಬಹುದು.

ಹಬ್ಬಗಳಲ್ಲಿ ಕಠಿಣವಾದದ್ದು ಹೋಳಿ. ಹಲಗಿಯ ಸದ್ದು, ಮೈಮೇಲೆ ಅಂಟುವ ಬಣ್ಣ, ಗುರುತು ಸಿಗದ ಮುಖಗಳು ಒಟ್ಟಿಗೇ ಬರುತ್ತವೆ. ಹಲಗಿಯ ಸದ್ದನ್ನು ಒಂದು ವಾರ ಮೊದಲಿಂದ ಫೋನಿನಲ್ಲಿ ಸಣ್ಣಗೆ ಕೇಳಿಸಿ, ಕಿವಿಗೆ ಇಯರ್‌ಮಫ್ ಹಾಕಿ ಮಾಳಿಗೆಯಿಂದ ನೋಡಲು ಬಿಡಿ. ಬಣ್ಣ ಹಚ್ಚಲೇಬೇಕೆನ್ನುವ ಮಾಮಾ-ಕಾಕಾಗಳನ್ನು ತಡೆಯುವುದು ಅಪ್ಪನ ಪಾಲಿನ ಕೆಲಸ.

ಕೊನೆಗೆ ಪಾಲಕರ ಗುಂಪು. ವಾಟ್ಸಾಪಿನಲ್ಲಿ ಹುಟ್ಟಿದ ಗುಂಪುಗಳು ಹೆಚ್ಚಾಗಿ ಎರಡೇ ರೀತಿಯಲ್ಲಿ ಹಾಳಾಗುತ್ತವೆ: ಯಾರೋ ಪುಡಿ, ಟಾನಿಕ್ ಮಾರಲು ಶುರು ಮಾಡುತ್ತಾರೆ, ಇಲ್ಲವೇ ಮಕ್ಕಳ ಪ್ರಗತಿಯ ಪೈಪೋಟಿ ಏಳುತ್ತದೆ. ಬಾಳುವ ಗುಂಪು ತಿಂಗಳಿಗೊಮ್ಮೆ ಮುಖ ನೋಡಿ ಸೇರುತ್ತದೆ, ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ ಒಂದೂವರೆ ತಾಸು. ಆರೇಳು ಮನೆಯವರು ಸಾಕು. ಇಬ್ಬರು ಮಕ್ಕಳನ್ನು ಆಡಿಸುವ ಪಾಳಿ, ಉಳಿದವರು ಮಾತಿಗೆ. ಅಣ್ಣ-ತಂಗಿಯರನ್ನೂ ಕರೆತನ್ನಿ, ಅವರಿಗೂ ತಮ್ಮಂಥವರು ಸಿಗಬೇಕು. ಅಪ್ಪಂದಿರು ಬರದೆ ತಾಯಂದಿರೇ ಸೇರುವ ಗುಂಪಿನಲ್ಲಿ ಮನೆಗೆ ಹೋದ ಮೇಲೆ ಏನೂ ಬದಲಾಗುವುದಿಲ್ಲ, ಹೀಗಾಗಿ ಮೂರು ಸಭೆಗೊಮ್ಮೆ ಅಪ್ಪಂದಿರೇ ಮಕ್ಕಳನ್ನು ಕರೆತರಬೇಕು ಎಂಬ ಕಟ್ಟಳೆ ಹಾಕಿಕೊಳ್ಳುವುದು ಒಳ್ಳೆಯದು. ರಾತ್ರಿ ನಿದ್ದೆಗೆಟ್ಟು ತಲೆ ಕೆಟ್ಟುಹೋದ ತಾಯಿ-ತಂದೆಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತವಾಗಿದೆ, ಕನ್ನಡದಲ್ಲೇ ಮಾತಾಡಬಹುದು.