ಹೆರಿಗೆಯ ನಂತರದ ರಕ್ತಸ್ರಾವ ತಡೆಗೆ ಯಾವ ಔಷಧ?

ಮುಧೋಳದ ಬಳಿ ಹೆರಿಗೆ ಕೊಠಡಿ ತೆರೆಯುತ್ತಿರುವ ವೈದ್ಯರೊಬ್ಬರು, ಮಗು ಹುಟ್ಟಿದೊಡನೆ ತಾಯಿಗೆ ಕೊಡಲು ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್, ಕಾರ್ಬೆಟೋಸಿನ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ಕೇಳಿದ್ದಾರೆ.

ಪರಿಣಾಮ ಮತ್ತು ಬೆಲೆ ಎರಡನ್ನೂ ನೋಡಿದರೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಮುಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಅದೇ. ತೊಡಕಿರುವುದು ದಾಸ್ತಾನಿನಲ್ಲಿ. ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಬಾಗಲಕೋಟೆ, ವಿಜಯಪುರಗಳ ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ತಾಸುಗಟ್ಟಲೆ ನಿಂತರೂ ಆಂಪೂಲ್ (ಔಷಧ ತುಂಬಿದ ಪುಟ್ಟ ಗಾಜಿನ ಸೀಸೆ) ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ, ಒಳಗಿನ ಶಕ್ತಿ ಮಾತ್ರ ಕುಂದುತ್ತಿರುತ್ತದೆ.

ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ಜೂ ಬೇಡ, ಸಿರಿಂಜೂ ಬೇಡ. ಅದರ ಪರಿಣಾಮಕ್ಕೆ ನಮ್ಮ ಬೆಳಗಾವಿ ಜಿಲ್ಲೆಯದೇ ಸಾಕ್ಷ್ಯವಿದೆ: 1620 ಗ್ರಾಮೀಣ ಮಹಿಳೆಯರು ಪಾಲ್ಗೊಂಡು, 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 600 ಮೈಕ್ರೋಗ್ರಾಂ ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 6.4ರಷ್ಟಿದ್ದರೆ, ಪಡೆಯದವರಲ್ಲಿ ಶೇ 12ರಷ್ಟಿತ್ತು. ಆದರೆ ಅಲ್ಲಿ ಹೋಲಿಸಿದ್ದು ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೆ ಎಂಬುದನ್ನು ಮರೆತು, ಮಾತ್ರೆಯೂ ಚುಚ್ಚುಮದ್ದೂ ಸಮವೆನ್ನುವವರು ಈಗಲೂ ಸಿಗುತ್ತಾರೆ. ಆಸ್ಪತ್ರೆಗಳಲ್ಲಿ ನೇರವಾಗಿ ಹೋಲಿಸಿದಾಗ ಆಕ್ಸಿಟೋಸಿನ್ನೇ ಮೇಲಾಯಿತು. ಮಾತ್ರೆಯಿಂದ ಚಳಿನಡುಕ, ಜ್ವರವೂ ಹೆಚ್ಚು.

ಶಾಖ ತಾಳುವ ಕಾರ್ಬೆಟೋಸಿನ್ ಚುಚ್ಚುಮದ್ದು, 10 ದೇಶಗಳ ಸುಮಾರು 30,000 ಮಹಿಳೆಯರ 2018ರ ಪ್ರಯೋಗದಲ್ಲಿ 500 ಮಿಲಿಲೀಟರ್ ಮೀರುವ ಸ್ರಾವದ ಮಟ್ಟಿಗೆ ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲವೆಂದು ತೋರಿತು. ಒಂದು ಲೀಟರ್ ಮೀರುವ ಸ್ರಾವದ ಬಗ್ಗೆ ಅಷ್ಟು ಖಚಿತ ಉತ್ತರ ಸಿಗಲಿಲ್ಲ.

ಇನ್ವರ್ಟರ್ ಇರುವ, ಫ್ರಿಜ್ಜಿನ ತಾಪಮಾನ ದಿನವೂ ಬರೆದಿಡುವ ಕಡೆ ಆಕ್ಸಿಟೋಸಿನ್ ಸಾಕು. ತಂಪು ನಂಬಲಾಗದ, ಆದರೆ ಚುಚ್ಚುಮದ್ದು ಕೊಡಬಲ್ಲ ನರ್ಸ್ ಇರುವಲ್ಲಿ, ಬೆಲೆ ಹೊಂದಿದರೆ ಕಾರ್ಬೆಟೋಸಿನ್. ಚುಚ್ಚುಮದ್ದಿಗೇ ಅವಕಾಶವಿಲ್ಲದ ಹೆರಿಗೆಗೆ ಮಾತ್ರೆ.